ಹೆಣಿಗೆಯ ಬುಟ್ಟಿ: ಹೊಲಿಗೆಯ ಗೆರೆ ಇಲ್ಲದ ಜಡೆ ಟೋಪಿ



ಚಳಿ ಹತ್ತಿರ ಬಂತೆಂದರೆ ನಮ್ಮ ಈ ಅಂಕಣಕ್ಕೆ ಪತ್ರಗಳ ಸುರಿಮಳೆ. ಮಗುವಿಗೆ ಕುಲಾವಿ ಹೇಗೆ, ಯಜಮಾನರಿಗೆ ಮಫ್ಲರ್ ಹೇಗೆ, ಮಾವನವರ ಸ್ವೆಟರಿನ ಕೊರಳು ಸಡಿಲವಾಗಿದೆ ಏನು ಮಾಡಲಿ, ಹೀಗೆ. ಈ ಸಲ ಬಂದದ್ದರಲ್ಲಿ ಒಂದು ಪತ್ರವನ್ನು ಬೇರೆಯಾಗಿ ತೆಗೆದಿಟ್ಟೆ. ಚಿಕ್ಕಮಗಳೂರಿನ ಕಡೆಯ ಸೋದರಿಯೊಬ್ಬರು ಬರೆದದ್ದು. ಹೆಸರು ಬೇಡ ಎಂದಿದ್ದಾರೆ, ಹಾಕುವುದಿಲ್ಲ.

ಅವರ ಅಕ್ಕನಿಗೆ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದೆ. ಮೊದಲ ಕೀಮೋ ಆಗಿ ಮೂರನೆಯ ವಾರಕ್ಕೆ ತಲೆಗೂದಲು ಪೂರ್ತಿ ಉದುರಿದೆ. ಮಲೆನಾಡಿನ ಚಳಿ, ಅದರ ಮೇಲೆ ಆಸ್ಪತ್ರೆಯ ಹವಾನಿಯಂತ್ರಿತ ಕೋಣೆಯಲ್ಲಿ ಗಂಟೆಗಟ್ಟಲೆ ಮಲಗಬೇಕು. ಅಂಗಡಿಯಿಂದ ಮಂಕಿ ಕ್ಯಾಪ್ ತಂದುಕೊಟ್ಟರಂತೆ. ಬರೀ ಚರ್ಮಕ್ಕೆ ಅದು ಚುಚ್ಚುತ್ತದೆ, ಹಿಂಭಾಗದ ಹೊಲಿಗೆ ಮಲಗಿದಾಗ ಒತ್ತುತ್ತದೆ. ಈಗ ಅಕ್ಕ ಹಗಲು ಸೆರಗು ಹೊದ್ದು, ರಾತ್ರಿ ಟವೆಲ್ ಕಟ್ಟಿಕೊಂಡು ಇರುತ್ತಾರಂತೆ. "ಹೊಲಿಗೆಯೇ ಇಲ್ಲದ ಟೋಪಿ ಹೆಣೆಯಲು ಬರುತ್ತದೆಯೇ? ಆಸ್ಪತ್ರೆಯ ಟೋಪಿಯ ಹಾಗೆ ಕಾಣಬಾರದು. ಮುಂದಿನ ಚಿಕಿತ್ಸೆಗೆ ಮೂರು ವಾರ ಇದೆ, ಅಷ್ಟರಲ್ಲಿ ಮುಗಿಯಬೇಕು. ನನಗೆ ಸೀದಾ, ಉಲ್ಟಾ ಎರಡೇ ಬರುವುದು" ಎಂದು ಕೇಳಿದ್ದಾರೆ.

ಬರುತ್ತದೆ ತಾಯಿ, ಖಂಡಿತ ಬರುತ್ತದೆ. ಸೀದಾ, ಉಲ್ಟಾ ಬಂದರೆ ಸಾಕು, ಮಿಕ್ಕಿದ್ದು ತಾಳ್ಮೆ. ದಿನಕ್ಕೆ ಒಂದು ಗಂಟೆ ಕುಳಿತರೂ ಹತ್ತು ಹನ್ನೆರಡು ದಿನಕ್ಕೆ ಮುಗಿಯುವ ಕೆಲಸ ಇದು. ಉಳಿದ ಓದುಗರೂ ಇದನ್ನು ಬಿಡಬೇಡಿ. ದೆಹಲಿಯಲ್ಲಿರುವ ಮಗಳಿಗೆ, ಅಮೆರಿಕದಲ್ಲಿ ಹಿಮ ಬೀಳುವ ಊರಿಗೆ ಓದಲು ಹೋದ ಮಗನಿಗೆ, ನಸುಕಿನಲ್ಲಿ ವಾಕಿಂಗ್ ಹೋಗುವ ತಂದೆಗೆ, ಎಲ್ಲರಿಗೂ ಇದೇ ಟೋಪಿ ಆಗುತ್ತದೆ.

ಸುತ್ತಿನ ಹೆಣಿಗೆ ಎಂದರೇನು?

ಸಾಮಾನ್ಯವಾಗಿ ನಾವು ಎರಡು ಕಡ್ಡಿಯಲ್ಲಿ ಹೆಣೆಯುತ್ತೇವೆ. ಒಂದು ಸಾಲು ಆ ಕಡೆ, ತಿರುಗಿಸಿ ಒಂದು ಸಾಲು ಈ ಕಡೆ. ಕೊನೆಗೆ ಚಪ್ಪಟೆ ತುಂಡು ಸಿಗುತ್ತದೆ, ಅದರ ಎರಡು ಅಂಚು ಸೇರಿಸಿ ಹೊಲಿದರೆ ಟೋಪಿ. ಆ ಹೊಲಿಗೆಯೇ ತಲೆಯ ಹಿಂದೆ ಹಗ್ಗದ ಹಾಗೆ ಕೂರುತ್ತದೆ. ಕೂದಲಿದ್ದವರಿಗೆ ಅದು ಗೊತ್ತೂ ಆಗುವುದಿಲ್ಲ. ಇಲ್ಲದವರಿಗೆ ರಾತ್ರಿಯಿಡೀ ಒತ್ತುತ್ತದೆ.

ಸುತ್ತಿನ ಹೆಣಿಗೆಯಲ್ಲಿ ಕುಣಿಕೆಗಳನ್ನೆಲ್ಲ ಬಳೆಯ ಹಾಗೆ ಸೇರಿಸಿಬಿಡುತ್ತೇವೆ. ಆಮೇಲೆ ತಿರುಗಿಸುವ ಪ್ರಶ್ನೆಯೇ ಇಲ್ಲ, ಸುತ್ತಿ ಸುತ್ತಿ ಮೇಲಕ್ಕೆ ಹೋಗುವುದು. ಕಾಲುಚೀಲ ಹೆಣೆದವರಿಗೆ ಇದು ಗೊತ್ತು. ಇದರಲ್ಲಿ ಎರಡು ಅನುಕೂಲ. ಒಂದು, ಹೊಲಿಗೆಯೇ ಇಲ್ಲ. ಎರಡು, ಹೆಣಿಗೆಯ ಹೊರಮೈ ಯಾವಾಗಲೂ ನಿಮ್ಮ ಎದುರಿಗೇ ಇರುತ್ತದೆ. ಸೀದಾ ಕಾಣಬೇಕಾದಲ್ಲಿ ಸೀದಾ, ಉಲ್ಟಾ ಕಾಣಬೇಕಾದಲ್ಲಿ ಉಲ್ಟಾ, ಲೆಕ್ಕ ತಲೆಕೆಳಗು ಮಾಡಬೇಕಾಗಿಲ್ಲ. ಜಡೆ ಹೆಣಿಗೆ ಕಲಿಯುವವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಈ ಜಡೆ ಎಲ್ಲಿಯದು?

ಇಂಗ್ಲಿಷಿನವರು ಇದನ್ನು ಕೇಬಲ್ ಅನ್ನುತ್ತಾರೆ, ಹಡಗಿನ ಹಗ್ಗ ಎಂಬ ಅರ್ಥದಲ್ಲಿ. ನಮ್ಮ ಕಣ್ಣಿಗೆ ಅದು ಜಡೆಯೇ. ಐರ್ಲೆಂಡಿನ ಪಶ್ಚಿಮ ತೀರದ ಆಚೆ ಆರನ್ ಎಂಬ ಮೂರು ದ್ವೀಪಗಳಿವೆ. ಅಲ್ಲಿಯ ಹೆಂಗಸರು ಕಳೆದ ಶತಮಾನದ ಮೊದಲ ದಶಕಗಳಲ್ಲಿ ಹೆಣೆಯತೊಡಗಿದ ದಪ್ಪ ಜಡೆಗಳ ಸ್ವೆಟರುಗಳಿಂದ ಈ ಹೆಣಿಗೆ ಲೋಕವೆಲ್ಲ ಹೆಸರಾಯಿತು. ಒಂದೊಂದು ಮನೆತನಕ್ಕೆ ಒಂದೊಂದು ಜಡೆ, ಸಮುದ್ರದಲ್ಲಿ ಮುಳುಗಿದವನನ್ನು ಅದರಿಂದಲೇ ಗುರುತಿಸುತ್ತಿದ್ದರು ಎಂದು ಒಂದು ಕಥೆ ಹೇಳುತ್ತಾರೆ. ಅದು ಹಳೆಯ ಪದ್ಧತಿಯೇನಲ್ಲ. ಸಿಂಜ್ ಎಂಬ ನಾಟಕಕಾರನ 'ರೈಡರ್ಸ್ ಟು ದಿ ಸೀ' 1904ರಲ್ಲಿ ರಂಗಕ್ಕೆ ಬಂತು. ಅದರಲ್ಲಿ ತಂಗಿಯೊಬ್ಬಳು ತಾನೇ ಹೆಣೆದ ಕಾಲುಚೀಲದ ಕುಣಿಕೆ ಎಣಿಸಿ ಅಣ್ಣ ತೀರಿಕೊಂಡದ್ದನ್ನು ತಿಳಿಯುತ್ತಾಳೆ. ಆ ದೃಶ್ಯದಿಂದಲೇ ಕಥೆ ಬೆಳೆಯಿತು ಎನ್ನುತ್ತಾರೆ. ಕಥೆ ಹೋಗಲಿ, ತಾನು ಹೆಣೆದ ಕುಣಿಕೆಯನ್ನು ಹೆಣ್ಣುಮಗಳು ಮರೆಯುವುದಿಲ್ಲ ಎನ್ನುವುದು ಮಾತ್ರ ನಿಜ ಅಲ್ಲವೇ?

ಮೊದಲು ಅಕ್ಕನನ್ನು ಕೇಳಿ

ಕಡ್ಡಿ ಹಿಡಿಯುವ ಮೊದಲು ಒಂದು ಮಾತು. ಜಡೆ ಹೋದ ದುಃಖದಲ್ಲಿರುವವರಿಗೆ ಜಡೆಯ ಟೋಪಿ ಕೊಡಬಹುದೇ? ಕೆಲವರಿಗೆ ಖುಷಿಯಾಗುತ್ತದೆ, ಕೆಲವರಿಗೆ ಎದೆ ಚುರುಕ್ ಅನ್ನುತ್ತದೆ. ಇದನ್ನು ನಾನೂ ನೀವೂ ಊಹಿಸಿ ಫಲವಿಲ್ಲ. ಅಂಗೈ ಅಗಲದ ಒಂದು ಮಾದರಿ ತುಂಡು ಹೆಣೆದು ಕೈಗೆ ಕೊಡಿ. "ಅಕ್ಕಾ, ಹೀಗೆ ಹಾಕಲೇ, ಸಾದಾ ಹಾಕಲೇ?" ಎಂದು ನೇರವಾಗಿ ಕೇಳಿ. ಬಣ್ಣವನ್ನೂ ಅವರೇ ಆರಿಸಲಿ. ಕಾಯಿಲೆ ಬಂದ ಮೇಲೆ ಊಟ, ಔಷಧಿ, ಆಸ್ಪತ್ರೆಯ ದಿನ ಎಲ್ಲವನ್ನೂ ಬೇರೆಯವರೇ ಗೊತ್ತುಮಾಡುತ್ತಾರೆ. ತಲೆಯ ಮೇಲಿನ ಟೋಪಿಯನ್ನಾದರೂ ಅವರು ಗೊತ್ತುಮಾಡಲಿ. ಸಾದಾ ಬೇಕೆಂದರೆ ಅದರ ಲೆಕ್ಕವನ್ನೂ ಕೊನೆಯಲ್ಲಿ ಕೊಟ್ಟಿದ್ದೇನೆ.

ಆ ಮಾದರಿ ತುಂಡನ್ನು ಕೈಯಲ್ಲಿ ಮುಟ್ಟಿದರೆ ಸಾಲದು. ಕಿವಿಯ ಹಿಂದೆ, ಕತ್ತಿನ ಮೇಲೆ ಅರ್ಧ ಗಂಟೆ ಇಟ್ಟುಕೊಳ್ಳಲು ಹೇಳಿ. ಅಲ್ಲಿ ಚುಚ್ಚದಿದ್ದರೆ ತಲೆಗೂ ಚುಚ್ಚುವುದಿಲ್ಲ.

ಯಾವ ದಾರ?

ಉಣ್ಣೆ ಚುಚ್ಚುವುದು ಯಾಕೆ ಗೊತ್ತೇ? ಎಲ್ಲರಿಗೂ ಅದು ಅಲರ್ಜಿಯಲ್ಲ. ಉಣ್ಣೆಯ ಎಳೆ ದಪ್ಪಗಿದ್ದರೆ ಅದರ ತುದಿ ಬಾಗುವುದಿಲ್ಲ, ಚರ್ಮಕ್ಕೆ ತಾಗುತ್ತದೆ. ಸುಮಾರು 30 ಮೈಕ್ರಾನಿಗಿಂತ ದಪ್ಪನೆಯ ಎಳೆಗಳು ಹೀಗೆ ಚುಚ್ಚುತ್ತವೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಮ್ಮ ದಖನಿ ಕುರಿಯ ಉಣ್ಣೆ ಒರಟು. ಅದರ ಕಂಬಳಿ ಮಳೆಗೂ ಚಳಿಗೂ ಜಗ್ಗುವುದಿಲ್ಲ, ಆದರೆ ಬರೀ ತಲೆಗೆ ಅದು ಬೇಡ. ಮೆರಿನೋ ಕುರಿಯ ನಯ ಉಣ್ಣೆಯ ಎಳೆ 20 ಮೈಕ್ರಾನಿನ ಆಸುಪಾಸು, ಅದು ಮೆತ್ತಗಿರುತ್ತದೆ, ಬೆಲೆ ಹೆಚ್ಚು. ಚಿಕ್ಕ ಮಕ್ಕಳಿಗೆಂದು ಮಾರುವ ಮೃದು ಅಕ್ರಿಲಿಕ್ ದಾರ ಎಲ್ಲ ಊರಲ್ಲೂ ಸಿಗುತ್ತದೆ, ಒಗೆಯಲು ಸುಲಭ, ಕಿಸೆಗೂ ಭಾರವಲ್ಲ. ನಮ್ಮ ಈ ಟೋಪಿಗೆ ಅದನ್ನೇ ಆರಿಸಿದ್ದೇನೆ.

ಬರೀ ಹತ್ತಿಯ ದಾರ ತಣ್ಣಗೆ, ಹಿತ, ನಿಜ. ಆದರೆ ಅದು ರಬ್ಬರಿನ ಹಾಗೆ ಹಿಗ್ಗಿ ಕುಗ್ಗುವುದಿಲ್ಲ. ನಾಲ್ಕು ದಿನ ಹಾಕಿದರೆ ಟೋಪಿ ಜೋಲುತ್ತದೆ, ಜಡೆ ದಾಟಿಸುವಾಗ ಕೈಯೂ ನೋಯುತ್ತದೆ. ಹತ್ತಿ ಬೇಕೇ ಬೇಕೆಂದರೆ ಹತ್ತಿ ಅಕ್ರಿಲಿಕ್ ಬೆರೆತದ್ದು ತೆಗೆದುಕೊಳ್ಳಿ. ಉದ್ದ ರೋಮ ಇರುವ ಮೊಹೇರ್, ಮಿಂಚುವ ಜರಿ ಸೇರಿದ ದಾರ ಇವೆರಡೂ ಬೇಡವೇ ಬೇಡ.

ಬೇಕಾಗುವ ಸಾಮಗ್ರಿ

ಮೃದು ಅಕ್ರಿಲಿಕ್ ದಾರ, ಡಬಲ್ ನಿಟಿಂಗ್ ದಪ್ಪದ್ದು, 100 ಗ್ರಾಂ. ಎರಡು ಉಂಡೆಯಾದರೆ ಎರಡರ ಲೇಬಲ್ ಮೇಲೂ ಒಂದೇ ಲಾಟ್ ನಂಬರ್ ಇರಲಿ. ಇಲ್ಲದಿದ್ದರೆ ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಬಂದೀತು.

ಎರಡೂ ತುದಿ ಮೊನೆಯಾಗಿರುವ ಕಡ್ಡಿ, 5ರ ಒಂದು ಸೆಟ್ 10ನೇ ನಂಬರು (3.25 ಮಿ.ಮೀ.), ಇನ್ನೊಂದು ಸೆಟ್ 8ನೇ ನಂಬರು (4 ಮಿ.ಮೀ.). ಹಳೆಯ ಬ್ರಿಟಿಷ್ ಲೆಕ್ಕದಲ್ಲಿ ನಂಬರು ಹೆಚ್ಚಿದಷ್ಟೂ ಕಡ್ಡಿ ಸಣ್ಣ ಎನ್ನುವುದು ನೆನಪಿರಲಿ. 40 ಸೆಂ.ಮೀ. ಉದ್ದದ ಸರ್ಕ್ಯುಲರ್ ಕಡ್ಡಿ ಇದ್ದರೆ ಇನ್ನೂ ಸಲೀಸು. ಆಗಲೂ ನೆತ್ತಿಯ ಭಾಗಕ್ಕೆ 8ನೇ ನಂಬರಿನ ಸೆಟ್ ಬೇಕೇ ಬೇಕು.

ಜಡೆ ದಾಟಿಸಲು ಕೇಬಲ್ ಕಡ್ಡಿ ಒಂದು. ಅದು ಸಿಗದ ಊರಿನಲ್ಲಿ ದಪ್ಪನೆಯ 'ಯು' ಆಕಾರದ ಹೇರ್‌ಪಿನ್ ಸಾಕು. ಸುತ್ತಿನ ಗುರುತಿಗೆ ಬೇರೆ ಬಣ್ಣದ ದಾರದ ಚಿಕ್ಕ ಕುಣಿಕೆ. ಮೊಂಡು ತುದಿಯ ಉಣ್ಣೆ ಸೂಜಿ. ಅಳತೆಯ ಟೇಪು.

ಅಳತೆ

ಹುಬ್ಬಿನ ಮೇಲಿಂದ, ಕಿವಿಯ ಮೇಲಿಂದ, ಹಿಂದೆ ತಲೆ ಉಬ್ಬಿರುವಲ್ಲಿ ಟೇಪು ಸುತ್ತಿ. ಸಾಮಾನ್ಯವಾಗಿ ಹೆಂಗಸರ ತಲೆ 54ರಿಂದ 56 ಸೆಂ.ಮೀ. ಇರುತ್ತದೆ. ಕೂದಲು ಹೋದ ಮೇಲೆ ಅಳತೆ ಸ್ವಲ್ಪ ಕಡಿಮೆಯಾಗುತ್ತದೆ, ಆದ್ದರಿಂದ ಹಳೆಯ ಟೋಪಿಯ ಅಳತೆ ನಂಬಬೇಡಿ. ಕೆಳಗಿನ ಲೆಕ್ಕ 54ರಿಂದ 56ಕ್ಕೆ. ತಲೆ ಚಿಕ್ಕದಿದ್ದರೆ 8ರ ಬದಲು 9ನೇ ನಂಬರಿನ ಕಡ್ಡಿ, 57, 58 ಇದ್ದರೆ 7ನೇ ನಂಬರಿನದು ಹಿಡಿಯಿರಿ. ಕುಣಿಕೆಯ ಲೆಕ್ಕ ಬದಲಿಸಬೇಕಾಗಿಲ್ಲ.

8ನೇ ನಂಬರಿನಲ್ಲಿ ಸಾದಾ ಹೆಣೆದಾಗ 10 ಸೆಂ.ಮೀ. ಅಗಲಕ್ಕೆ 22 ಕುಣಿಕೆ ಬರಬೇಕು. 24 ಬಂದರೆ ನಿಮ್ಮ ಕೈ ಬಿಗಿ, ಒಂದು ನಂಬರು ದಪ್ಪ ಕಡ್ಡಿ ತೆಗೆದುಕೊಳ್ಳಿ. 20 ಬಂದರೆ ಕೈ ಸಡಿಲ, ಒಂದು ನಂಬರು ಸಣ್ಣದು.

ಜಡೆಯ ಬಗ್ಗೆ ಒಂದು ಗುಟ್ಟು ಹೇಳಬೇಕು. ಜಡೆ ಬಟ್ಟೆಯನ್ನು ಒಳಕ್ಕೆ ಎಳೆಯುತ್ತದೆ. ತಲೆಗೂದಲು ಬಿಚ್ಚಿದಾಗ ಬೆನ್ನು ತುಂಬ ಹರಡಿರುತ್ತದೆ, ಹೆಣೆದರೆ ಎರಡು ಬೆರಳು ದಪ್ಪ ಅಷ್ಟೇ. ಇಲ್ಲೂ ಹಾಗೆಯೇ. ಸಾದಾ ಟೋಪಿಯ ಲೆಕ್ಕಕ್ಕೇ ಜಡೆ ಹಾಕಿದರೆ ಟೋಪಿ ಬಿಗಿಯಾಗಿ ಹಣೆಯ ಮೇಲೆ ಗೆರೆ ಮೂಡುತ್ತದೆ. ಅದಕ್ಕೇ ಅಂಚು ಮುಗಿದ ಮೇಲೆ 16 ಕುಣಿಕೆ ಹೆಚ್ಚಿಸುತ್ತೇವೆ.

ಹೆಣೆಯುವ ವಿಧಾನ

ಅಂಚು: 8ನೇ ನಂಬರಿನ ದಪ್ಪ ಕಡ್ಡಿಯಲ್ಲಿ 112 ಕುಣಿಕೆ ಹಾಕಿ. ದಪ್ಪ ಕಡ್ಡಿ ಏಕೆಂದರೆ ಮೊದಲ ಸಾಲು ಸಡಿಲವಾಗಿರಬೇಕು, ಹಣೆಗೆ ಒತ್ತಬಾರದು. ಈಗ 10ನೇ ನಂಬರಿನ ನಾಲ್ಕು ಕಡ್ಡಿಗಳಿಗೆ 28ರಂತೆ ಹಂಚಿ. ಐದನೆಯದು ಹೆಣೆಯುವ ಕಡ್ಡಿ.

ಕಡ್ಡಿಗಳನ್ನು ಮೇಜಿನ ಮೇಲೆ ಚೌಕವಾಗಿ ಇಡಿ. ಕುಣಿಕೆಗಳ ಬುಡದ ಅಂಚು ಸುತ್ತಲೂ ಒಳಮುಖವಾಗಿದೆಯೇ ನೋಡಿ. ಎಲ್ಲಾದರೂ ಒಂದು ಕಡೆ ತಿರುಚಿಕೊಂಡಿದ್ದರೆ ಈಗಲೇ ಸರಿಮಾಡಿ. ಸುತ್ತು ಸೇರಿದ ಮೇಲೆ ಆ ತಿರುಚು ಹೋಗುವುದೇ ಇಲ್ಲ, ಪೂರ್ತಿ ಬಿಚ್ಚಬೇಕಾಗುತ್ತದೆ. ಗುರುತಿನ ದಾರ ಹಾಕಿ, ಮೊದಲ ಕುಣಿಕೆಯನ್ನು ಬಿಗಿಯಾಗಿ ಹೆಣೆದು ಸುತ್ತು ಸೇರಿಸಿ.

2 ಸೀದಾ, 2 ಉಲ್ಟಾ, ಸುತ್ತಿನ ಕೊನೆಯವರೆಗೆ. ಹೀಗೆಯೇ 5 ಸೆಂ.ಮೀ. ಹೆಣೆಯಿರಿ. ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಹೋಗುವಾಗ ಮೊದಲ ಎರಡು ಕುಣಿಕೆಗೆ ದಾರ ಸ್ವಲ್ಪ ಜಗ್ಗಿ, ಇಲ್ಲದಿದ್ದರೆ ಅಲ್ಲಿ ಏಣಿಯ ಹಾಗೆ ಸಡಿಲ ಬೀಳುತ್ತದೆ.

ಹೆಚ್ಚಿಸುವ ಸುತ್ತು: 8ನೇ ನಂಬರಿಗೆ ಬದಲಿಸಿ. 7 ಸೀದಾ, ಒಂದು ಹೆಚ್ಚಿಸಿ. ಹೀಗೆ ಸುತ್ತಲೂ 16 ಸಲ. ಈಗ 128 ಕುಣಿಕೆ, ಕಡ್ಡಿಗೆ 32ರಂತೆ. ಹೆಚ್ಚಿಸುವುದು ಹೇಗೆಂದರೆ, ಎರಡು ಕುಣಿಕೆಯ ನಡುವೆ ಅಡ್ಡ ಕಾಣುವ ದಾರವನ್ನು ಎಡಗಡ್ಡಿಗೆ ಎತ್ತಿಕೊಂಡು ಅದರ ಹಿಂಬದಿಯಿಂದ ಸೀದಾ ಹೆಣೆಯಿರಿ. ಮುಂಬದಿಯಿಂದ ಹೆಣೆದರೆ ತೂತು ಉಳಿಯುತ್ತದೆ.

ಜಡೆ: ಒಂದು ಭಾಗಕ್ಕೆ 16 ಕುಣಿಕೆ, ಸುತ್ತಲೂ 8 ಭಾಗ, ಅಂದರೆ ಎಂಟು ಜಡೆ. ಒಂದೊಂದು ಕಡ್ಡಿಯ ಮೇಲೆ ಎರಡೆರಡು ಭಾಗ. ಪ್ರತಿ ಜಡೆಗೆ 6 ಕುಣಿಕೆ, ಎರಡೆರಡರಂತೆ ಮೂರು ಎಳೆ. ತಲೆ ಹೆಣೆಯುವ ಕ್ರಮವೇ ಇದು. ಬಲದ ಎಳೆ ನಡುವಿನದರ ಮೇಲೆ, ಆಮೇಲೆ ಎಡದ ಎಳೆ ನಡುವಿನದರ ಮೇಲೆ.

1, 2ನೇ ಸುತ್ತು: 2 ಉಲ್ಟಾ, 6 ಸೀದಾ, 2 ಉಲ್ಟಾ, 6 ಸೀದಾ. ಸುತ್ತಿನ ಕೊನೆಯವರೆಗೆ ಹೀಗೆ.

3ನೇ ಸುತ್ತು: 2 ಉಲ್ಟಾ, ಬಲದ ಎಳೆ ದಾಟಿಸಿ, 2 ಸೀದಾ, 2 ಉಲ್ಟಾ, 6 ಸೀದಾ. ಬಲದ ಎಳೆ ದಾಟಿಸುವುದೆಂದರೆ, 2 ಕುಣಿಕೆಯನ್ನು ಕೇಬಲ್ ಕಡ್ಡಿಗೆ ತೆಗೆದು ಹೆಣಿಗೆಯ ಮುಂದೆ ಬಿಡಿ. ಎಡಗಡ್ಡಿಯಿಂದ ಮುಂದಿನ 2 ಸೀದಾ ಹೆಣೆಯಿರಿ. ಆಮೇಲೆ ಕೇಬಲ್ ಕಡ್ಡಿಯ 2 ಸೀದಾ ಹೆಣೆಯಿರಿ.

4, 5ನೇ ಸುತ್ತು: 1ನೇ ಸುತ್ತಿನ ಹಾಗೆ.

6ನೇ ಸುತ್ತು: 2 ಉಲ್ಟಾ, 2 ಸೀದಾ, ಎಡದ ಎಳೆ ದಾಟಿಸಿ, 2 ಉಲ್ಟಾ, 6 ಸೀದಾ. ಎಡದ ಎಳೆಗೆ 2 ಕುಣಿಕೆಯನ್ನು ಕೇಬಲ್ ಕಡ್ಡಿಗೆ ತೆಗೆದು ಹೆಣಿಗೆಯ ಹಿಂದೆ ಬಿಡಿ. ಮುಂದಿನ 2 ಸೀದಾ, ಆಮೇಲೆ ಕೇಬಲ್ ಕಡ್ಡಿಯ 2 ಸೀದಾ.

ನೆನಪಿಗೆ ಇಷ್ಟೇ ಸಾಕು. ಮೂರನೇ ಸುತ್ತಿಗೆ ಕೇಬಲ್ ಕಡ್ಡಿ ಮುಂದೆ, ಆರನೇ ಸುತ್ತಿಗೆ ಹಿಂದೆ.

ಈ 6 ಸುತ್ತನ್ನು ಒಟ್ಟು 6 ಸಲ ಹೆಣೆಯಿರಿ, 36 ಸುತ್ತಾಗುತ್ತದೆ. ಕಿವಿಯೂ ಕತ್ತಿನ ಮೇಲ್ಭಾಗವೂ ಮುಚ್ಚಬೇಕಾದವರಿಗೆ ಇದು. ಸಾಮಾನ್ಯ ಟೋಪಿಗೆ 5 ಸಲ ಸಾಕು. ಒಂದು ಕಾಗದದಲ್ಲಿ 36 ಗೆರೆ ಎಳೆದಿಟ್ಟು, ಒಂದೊಂದು ಸುತ್ತು ಮುಗಿದಾಗ ಒಂದೊಂದನ್ನು ಹೊಡೆದುಹಾಕಿ. ನಡುವೆ ಹಾಲು ಉಕ್ಕಿತೆಂದು ಎದ್ದು ಹೋದರೂ ಲೆಕ್ಕ ತಪ್ಪುವುದಿಲ್ಲ.

ನೆತ್ತಿ: ಜಡೆಗಳ ನಡುವಿನ ಸಾದಾ ಪಟ್ಟಿಯನ್ನು ಮೊದಲು ಕಿರಿದು ಮಾಡುತ್ತ ಹೋಗುತ್ತೇವೆ, ಜಡೆ ಮೇಲಿನವರೆಗೂ ಉಳಿಯುತ್ತದೆ. "ಎರಡು ಒಟ್ಟಿಗೆ" ಎಂದರೆ ಎರಡು ಕುಣಿಕೆ ಸೇರಿಸಿ ಸೀದಾ ಹೆಣೆಯುವುದು. "ದಾಟಿಸಿ ಕಳೆ" ಎಂದರೆ ಒಂದು ಕುಣಿಕೆಯನ್ನು ಹೆಣೆಯದೆ ಜಾರಿಸಿ, ಮುಂದಿನದನ್ನು ಸೀದಾ ಹೆಣೆದು, ಜಾರಿಸಿದ್ದನ್ನು ಅದರ ಮೇಲಿಂದ ದಾಟಿಸಿ ಬಿಡುವುದು.

1ನೇ ಸುತ್ತು: 2 ಉಲ್ಟಾ, 6 ಸೀದಾ, 2 ಉಲ್ಟಾ, ಎರಡು ಒಟ್ಟಿಗೆ, 2 ಸೀದಾ, ದಾಟಿಸಿ ಕಳೆ. ಸುತ್ತಿನ ಕೊನೆಗೆ 112 ಕುಣಿಕೆ.

2ನೇ ಸುತ್ತು: ಇದ್ದದ್ದು ಇದ್ದ ಹಾಗೆ, ಸೀದಾದ ಮೇಲೆ ಸೀದಾ, ಉಲ್ಟಾದ ಮೇಲೆ ಉಲ್ಟಾ.

3ನೇ ಸುತ್ತು: 2 ಉಲ್ಟಾ, ಬಲದ ಎಳೆ ದಾಟಿಸಿ, 2 ಸೀದಾ, 2 ಉಲ್ಟಾ, ಎರಡು ಒಟ್ಟಿಗೆ, ದಾಟಿಸಿ ಕಳೆ. 96 ಕುಣಿಕೆ.

4ನೇ ಸುತ್ತು: ಇದ್ದ ಹಾಗೆ.

5ನೇ ಸುತ್ತು: 2 ಉಲ್ಟಾ, 6 ಸೀದಾ, 2 ಉಲ್ಟಾ, ಎರಡು ಒಟ್ಟಿಗೆ. 88 ಕುಣಿಕೆ.

6ನೇ ಸುತ್ತು: ಇದ್ದ ಹಾಗೆ, ಆದರೆ ಜಡೆಯಲ್ಲಿ 2 ಸೀದಾ ಹೆಣೆದು ಎಡದ ಎಳೆ ದಾಟಿಸಿ.

7ನೇ ಸುತ್ತು: ಎರಡು ಉಲ್ಟಾ ಸೇರಿಸಿ ಒಂದು ಉಲ್ಟಾ, 6 ಸೀದಾ, ಎರಡು ಉಲ್ಟಾ ಸೇರಿಸಿ ಒಂದು ಉಲ್ಟಾ, 1 ಸೀದಾ. 72 ಕುಣಿಕೆ.

8ನೇ ಸುತ್ತು: ಇದ್ದ ಹಾಗೆ.

9ನೇ ಸುತ್ತು: 1 ಉಲ್ಟಾ, ಎರಡು ಒಟ್ಟಿಗೆ ಮೂರು ಸಲ, 1 ಉಲ್ಟಾ, 1 ಸೀದಾ. 48 ಕುಣಿಕೆ. ಇಲ್ಲಿಗೆ ಜಡೆಯ ಒಂದೊಂದು ಎಳೆಯೂ ಒಂದೊಂದು ಕುಣಿಕೆಯಾಗುತ್ತದೆ.

10ನೇ ಸುತ್ತು: ಇದ್ದ ಹಾಗೆ.

11ನೇ ಸುತ್ತು: 1 ಉಲ್ಟಾ, 3 ಸೀದಾ, ಎರಡು ಒಟ್ಟಿಗೆ. 40 ಕುಣಿಕೆ.

12ನೇ ಸುತ್ತು: ಪೂರ್ತಿ ಎರಡು ಒಟ್ಟಿಗೆ. 20 ಕುಣಿಕೆ.

13ನೇ ಸುತ್ತು: ಮತ್ತೆ ಎರಡು ಒಟ್ಟಿಗೆ. 10 ಕುಣಿಕೆ.

ಒಂದು ಗೇಣು ಬಿಟ್ಟು ದಾರ ಕತ್ತರಿಸಿ. ಉಣ್ಣೆ ಸೂಜಿಗೆ ಪೋಣಿಸಿ ಹತ್ತೂ ಕುಣಿಕೆಯ ಒಳಗೆ ಎರಡು ಸಲ ಹಾಯಿಸಿ ಜಗ್ಗಿ. ಬಾಯಿ ಮುಚ್ಚಿಕೊಳ್ಳುತ್ತದೆ. ಸೂಜಿಯನ್ನು ಒಳಗೆ ಇಳಿಸಿ, ತುದಿಯನ್ನು ನಾಲ್ಕಾರು ಕುಣಿಕೆಯ ಬೆನ್ನಲ್ಲಿ ಚಪ್ಪಟೆಯಾಗಿ ಓಡಿಸಿ ಕತ್ತರಿಸಿ.

ಎಲ್ಲೂ ಗಂಟು ಹಾಕಬೇಡಿ. ಉಂಡೆ ಬದಲಿಸುವಾಗಲೂ ಅಷ್ಟೇ, ಹಳೆಯ ತುದಿ ಹೊಸ ತುದಿ ಎರಡನ್ನೂ ಉಲ್ಟಾ ಕುಣಿಕೆಗಳ ಹಿಂದೆ ಓಡಿಸಿ ಅಡಗಿಸಿ. ನೆತ್ತಿಯ ಮೇಲೆ ಉಣ್ಣೆಯ ಚೆಂಡು, ಗುಂಡಿ, ಮಣಿ ಬೇಡ. ನಮ್ಮ ಕಣ್ಣಿಗೆ ಚೆಂದ, ಮಲಗಿದವರ ತಲೆಗೆ ಕಲ್ಲು.

ಜಡೆ ತಪ್ಪಿದರೆ?

ಎರಡು ಮೂರು ಸುತ್ತಿನ ಕೆಳಗೆ ಒಂದು ಜಡೆ ಉಲ್ಟಾ ತಿರುಗಿದ್ದು ಕಂಡರೆ ಎದೆ ಒಡೆದುಕೊಳ್ಳಬೇಡಿ, ಇಡೀ ಸುತ್ತು ಬಿಚ್ಚಬೇಡಿ. ಆ ಜಡೆಯ 6 ಕುಣಿಕೆಯನ್ನು ಮಾತ್ರ ಕಡ್ಡಿಯಿಂದ ತೆಗೆದು ತಪ್ಪಿದ ಸುತ್ತಿನವರೆಗೆ ಬಿಚ್ಚಿ. ಏಣಿಯ ಮೆಟ್ಟಿಲಿನ ಹಾಗೆ ದಾರಗಳು ನಿಲ್ಲುತ್ತವೆ. ಕೆಳಗಿನ ಮೆಟ್ಟಿಲಿನಿಂದ ಶುರುಮಾಡಿ, ಒಂದೊಂದು ಮೆಟ್ಟಿಲ ದಾರದಿಂದ ಆ ಆರನ್ನೇ ಮತ್ತೆ ಸರಿಯಾಗಿ ಹೆಣೆಯುತ್ತ ಮೇಲೆ ಬನ್ನಿ. ಮೊದಲ ಸಲ ಕೈ ನಡುಗುತ್ತದೆ. ಮಾದರಿ ತುಂಡಿನ ಮೇಲೆ ಒಮ್ಮೆ ಬೇಕೆಂದೇ ತಪ್ಪು ಮಾಡಿ ಅಭ್ಯಾಸ ಮಾಡಿಕೊಳ್ಳಿ, ಧೈರ್ಯ ಬರುತ್ತದೆ.

ಸಾದಾ ಟೋಪಿ ಬೇಕೆಂದವರಿಗೆ

ಅಕ್ಕ ಜಡೆ ಬೇಡವೆಂದರೆ ಹೆಚ್ಚಿಸುವ ಸುತ್ತನ್ನು ಬಿಡಿ. 112ರಲ್ಲೇ 8ನೇ ನಂಬರಿಗೆ ಬದಲಿಸಿ, ಎಲ್ಲೂ ದಾಟಿಸದೆ 2 ಉಲ್ಟಾ, 6 ಸೀದಾ ಎಂದು ಹೆಣೆಯುತ್ತ ಹೋಗಿ. ಅಗಲವಾದ ಪಟ್ಟಿಗಳ ಅಂದದ ಟೋಪಿಯೇ ಆಗುತ್ತದೆ. ಎಂಟರ ಬದಲು ಏಳು ಭಾಗ ಇರುತ್ತದೆ. ನೆತ್ತಿ ಕಳೆಯುವ ಕ್ರಮ ಅದೇ, 3 ಮತ್ತು 6ನೇ ಸುತ್ತಿನಲ್ಲಿ ದಾಟಿಸುವುದಿಲ್ಲ ಅಷ್ಟೇ. ಕುಣಿಕೆಗಳು ಕ್ರಮವಾಗಿ 98, 84, 77, 63, 42, 35 ಆಗುತ್ತವೆ. ಕೊನೆಯಲ್ಲಿ ಎರಡು ಒಟ್ಟಿಗೆ ಹೆಣೆದಾಗ ಒಂದು ಒಂಟಿ ಉಳಿದು 18, ಮತ್ತೆ ಹೆಣೆದಾಗ 9.

ಕೊಡುವ ಮೊದಲು

ಕೀಮೋ ನಡೆಯುವಾಗ ಮೈಯ ರೋಗ ತಡೆಯುವ ಶಕ್ತಿ ಕುಗ್ಗಿರುತ್ತದೆ. ಹೆಣೆಯುವಾಗ ಕೈ ತೊಳೆದುಕೊಂಡು ಕೂರಿ, ಕೆಲಸ ನಿಲ್ಲಿಸಿದಾಗ ಒಗೆದ ಬಟ್ಟೆಯಲ್ಲಿ ಸುತ್ತಿಡಿ, ಮುಗಿದ ಮೇಲೆ ಒಮ್ಮೆ ಒಗೆದೇ ಕೊಡಿ. ಆ ದಿನಗಳಲ್ಲಿ ವಾಸನೆಗೆ ವಾಕರಿಕೆ ಬರುವವರು ಬಹಳ. ಘಮಘಮ ಎನ್ನುವ ಸೋಪಿನ ಪುಡಿ ಬೇಡ. ನುಸಿಗುಳಿಗೆ ಇಟ್ಟ ಪೆಟ್ಟಿಗೆಯಲ್ಲಿ ಈ ಟೋಪಿ ಇಡಲೇಬೇಡಿ.

ತಣ್ಣೀರಿನಲ್ಲಿ ಮೆದು ಸೋಪು ಕದಡಿ, ಅದರಲ್ಲಿ ಅದ್ದಿ ಹಿಚುಕಿ. ಹಿಂಡಿ ತಿರುಚಬೇಡಿ. ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ತಲೆಯ ಗಾತ್ರದ ಪಾತ್ರೆ ಬೋರಲು ಹಾಕಿ ಅದರ ಮೇಲೆ ನೆರಳಿನಲ್ಲಿ ಒಣಗಿಸಿ. ಜಡೆಗಳು ಚೆನ್ನಾಗಿ ಕೂರುತ್ತವೆ. ಅಕ್ರಿಲಿಕ್‌ಗೆ ಇಸ್ತ್ರಿ ಮಾಡಬೇಡಿ, ಬಿಸಿಗೆ ಅದು ಕರಗಿ ಚಪ್ಪಟೆಯಾಗುತ್ತದೆ. ಇದೇ ಕಾರಣಕ್ಕೆ ಟೋಪಿ ಹಾಕಿಕೊಂಡು ಒಲೆಯ ಮುಂದೆ, ಗ್ಯಾಸಿನ ಮುಂದೆ ಬಗ್ಗುವುದೂ ಬೇಡ.

ಸಾಧ್ಯವಾದರೆ ಎರಡು ಹೆಣೆಯಿರಿ, ಒಂದು ಒಗೆಯಲು ಹಾಕಿದಾಗ ಇನ್ನೊಂದು ಇರುತ್ತದೆ. ತಲೆಯ ಚರ್ಮದಲ್ಲಿ ಗುಳ್ಳೆ, ಕೆಂಪು, ಉರಿ ಕಂಡರೆ ಟೋಪಿ ತೆಗೆದಿಟ್ಟು ಮೊದಲು ಡಾಕ್ಟರಿಗೆ ತೋರಿಸಿ.

ದೇಹದ ಶಾಖವೆಲ್ಲ ತಲೆಯಿಂದಲೇ ಹೋಗುತ್ತದೆ ಅಂತ ಹಿರಿಯರು ಹೇಳುವುದುಂಟು. ಅದು ಸರಿಯಲ್ಲ. ತಲೆಯಿಂದ ಹೋಗುವುದು ಸುಮಾರು ಹತ್ತರಲ್ಲಿ ಒಂದು ಪಾಲು. ಆದರೆ ಕೂದಲೆಂಬ ಹೊದಿಕೆ ಹೋದ ತಲೆಗೆ ಆ ಒಂದು ಪಾಲೇ ನಿದ್ದೆ ಕೆಡಿಸಲು ಸಾಕು. ಹಾಗೆಂದು ಟೋಪಿ ಹಾಕಿಕೋ ಎಂದು ಹಿಂದೆ ಬೀಳಬೇಡಿ. ಮನೆಯಲ್ಲಿ ಬರೀ ತಲೆಯಲ್ಲಿರುವುದೇ ಹಿತ ಎನ್ನುವವರಿದ್ದಾರೆ. ಹಾಸಿಗೆಯ ಪಕ್ಕದಲ್ಲಿ ಕೈಗೆ ಸಿಗುವ ಹಾಗೆ ಇಟ್ಟರೆ ಸಾಕು, ಚಳಿಯಾದಾಗ ತಾವೇ ಹಾಕಿಕೊಳ್ಳುತ್ತಾರೆ. ಸಾಮಾನ್ಯವಾಗಿ ಚಿಕಿತ್ಸೆ ಮುಗಿದ ಮೇಲೆ ಒಂದರಿಂದ ಮೂರು ತಿಂಗಳೊಳಗೆ ಕೂದಲು ಮತ್ತೆ ಚಿಗುರತೊಡಗುತ್ತದೆ. ಆ ಹೊಸ ಕೂದಲು ಎಳೆಗೂಸಿನ ಕೂದಲಿನ ಹಾಗೆ ನಯವಾಗಿರುತ್ತದೆ, ಆಗಲೂ ಮೆತ್ತಗಿನ ಟೋಪಿಯೇ ಬೇಕು.

ಚಿಕ್ಕಮಗಳೂರಿನ ಸೋದರಿಗೆ ಕೊನೆಯ ಮಾತು. ಮೊದಲ ನಾಲ್ಕು ದಿನ ಅಂಚಿಗೆ ಮತ್ತು ಮಾದರಿ ತುಂಡಿಗೆ, ಆರು ದಿನ ಜಡೆಗೆ, ಎರಡು ದಿನ ನೆತ್ತಿಗೆ ಇಟ್ಟುಕೊಳ್ಳಿ. ಒಗೆದು ಒಣಗಿಸಿದ ಮೇಲೂ ವಾರ ಉಳಿಯುತ್ತದೆ. ಅಕ್ಕನ ಪಕ್ಕದಲ್ಲೇ ಕೂತು ಹೆಣೆಯಿರಿ. ಅವರಿಗೆ ಮನಸ್ಸಿದ್ದರೆ, ಕೈಯಲ್ಲಿ ಶಕ್ತಿಯಿದ್ದರೆ ಸಾದಾ ಸುತ್ತು ಒಂದೆರಡು ಅವರೂ ಹೆಣೆಯಲಿ.

ಮುಂದಿನ ಸಂಚಿಕೆಯಲ್ಲಿ: ಮಿಕ್ಕ ಉಂಡೆಗಳಿಂದ ಮಕ್ಕಳಿಗೆ ಬೆರಳಿಲ್ಲದ ಕೈಚೀಲ. ಮನೆಯಲ್ಲಿ ಉಳಿದ ಚೂರುಪಾರು ದಾರವನ್ನು ಬಿಸಾಡದೆ ಎತ್ತಿಟ್ಟಿರಿ.